ಮಣ್ಣಿಲ್ಲದ ಕೋಣೆ

ಬಸ್ಸು ಹತ್ತಿದಾಗಿನಿಂದಲೂ ಓಬಮ್ಮನಿಗೆ ಏನನ್ನೋ ಮರೆತು ಬಂದಿದ್ದೇನೆ ಅನ್ನಿಸುತ್ತಿತ್ತು. ಗ್ಯಾಸ್ ಆರಿಸಿದ್ದಳು, ಬೀಗವನ್ನು ಎಳೆದೆಳೆದು ನೋಡಿದ್ದಳು, ಊಟದ ಡಬ್ಬಿ ಬ್ಯಾಗಿನಲ್ಲಿತ್ತು, ಕನ್ನಡಕ ಮೂಗಿನ ಮೇಲೇ ಇತ್ತು. ಮತ್ತೇನು? ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಿಂದ ಹಿರೇಗುಂಟನೂರು ದಾಟಿ ಈ ಊರಿನ ಗೇಟಿನವರೆಗೂ ಕಿಟಕಿ ಪಕ್ಕ ಕೂತು ಇದೊಂದನ್ನೇ ಯೋಚಿಸಿದ್ದಳು. ಈ ಸೀಮೆಯ ಆಷಾಢವೆಂದರೆ ಮಳೆಯಲ್ಲ, ಗಾಳಿ. ಸೆರಗು ಹಿಡಿದರೆ ಬ್ಯಾಗು ಹಾರುತ್ತದೆ, ಬ್ಯಾಗು ಹಿಡಿದರೆ ಸೆರಗು. ಬಾಯಿ ತೆರೆದರೆ ಹಲ್ಲಿನ ಸಂದಿಗೆಲ್ಲ ಮಣ್ಣು. ಬೇರೆ ಯಾರಾದರೂ ಆಗಿದ್ದರೆ ಗಾಳಿಗೆ ಬೆನ್ನು ಕೊಟ್ಟು ಹಿಮ್ಮುಖವಾಗಿ ನಡೆಯಬಹುದಿತ್ತು. ಐದನೇ ಕ್ಲಾಸಿನ ಮೇಡಂ ಹಾಗೆ ನಡೆಯುವಂತಿಲ್ಲ, ಮಕ್ಕಳು ನೋಡುತ್ತಾರೆ. ಕಣ್ಣು ಅರ್ಧ ಮುಚ್ಚಿಕೊಂಡು ನೆಟ್ಟಗೆ ನಡೆದಳು.

ಶಾಲೆಯ ಜಗಲಿಯ ಮೇಲೆ ಕೆಂಚಕ್ಕ ಕೂತಿದ್ದಳು. ಊರಾಚೆಯ ಗೊಲ್ಲರಹಟ್ಟಿಯ ಮುದುಕಿ, ಐದನೇ ಕ್ಲಾಸಿನ ಯಶೋದಾಳ ಅಜ್ಜಿ. ಮಗ ಸೊಸೆ ಕುರಿಯ ಹಿಂದೆ ಹೊರಟರೆ ತಿಂಗಳುಗಟ್ಟಲೆ ಮೊಮ್ಮಗಳು ಅವಳ ಪಾಲಿಗೆ. ಕೈಯಲ್ಲಿ ಒಂದು ಅಲ್ಯುಮಿನಿಯಂ ಬಟ್ಟಲು. ಗೋಧಿಗೋ ಅಕ್ಕಿಗೋ ಬಂದಿರಬೇಕು ಎಂದುಕೊಂಡು ಓಬಮ್ಮ ಮನಸ್ಸಿನಲ್ಲೇ ಒಂದು ಗದರಿಕೆಯನ್ನು ಸಿದ್ಧಮಾಡಿಕೊಂಡಳು. ಆಮೇಲೆ ಹಾಗೆಂದುಕೊಂಡದ್ದಕ್ಕೆ ತನಗೇ ನಾಚಿಕೆಯಾಯಿತು.

"ಒಂದು ಹಿಡಿ ಮಣ್ಣು ಬೇಕಿತ್ತವ್ವ," ಎಂದಳು ಕೆಂಚಕ್ಕ.

"ಮಣ್ಣಾ? ಹಟ್ಟಿಯಾಗೆ ಮಣ್ಣಿಗೂ ಬರ ಬಂತಾ ಕೆಂಚಕ್ಕ?"

"ಹಟ್ಟಿ ಮಣ್ಣು ಆಗಲ್ಲ ಮೇಡಮ್ಮ. ನಮ್ಮ ಯಶೋದಾ ಹೆದರ್ಕಂಡೈತೆ. ಮಲಗಿದ್ದು ಕಿಟಾರಂತ ಕಿರುಚ್ಕಂಡು ಎದ್ದು ಕುಂತ್ಕಂತೈತೆ. ನೆಟ್ಟಗೆ ಉಣ್ಣಲ್ಲ. ಹೆದರಿದ ಜಾಗದ ಮಣ್ಣು ತಂದು ನಿವಾಳಿಸಿ, ಮೂರು ದಾರಿ ಕೂಡೋ ತಾವ ಚೆಲ್ಲಿದ್ರೆ ಬಿಡ್ತೈತೆ. ಎಲ್ಲಿ ಹೆದರ್ದೆ ಮಗ ಅಂದ್ರೆ, ಕಂಪ್ಯೂಟ್ರು ರೂಮ್ನಾಗೆ ಅಂತೈತೆ."

ಓಬಮ್ಮ ನಕ್ಕುಬಿಟ್ಟಳು. ಟಿ.ಸಿ.ಎಚ್. ಓದಿದವಳು ನಗಲೇಬೇಕಾದ ಜಾಗ ಅದು. ಆದರೆ ಅವಳ ಸ್ವಂತ ಅವ್ವನೂ ಹೀಗೇ ಮಾಡುತ್ತಿದ್ದಳು. ಬಾವಿಕಟ್ಟೆಯಲ್ಲಿ ಜಾರಿ ಬಿದ್ದಾಗ ಅಲ್ಲಿನ ಹಸಿಮಣ್ಣು ತಂದು ತಲೆಯ ಸುತ್ತ ಇಳಿಸಿ, ಹಣೆಗೊಂದು ಬೊಟ್ಟು ಇಟ್ಟಿದ್ದಳು. ಆ ಮಣ್ಣಿನ ತಂಪು ಈಗಲೂ ಹಣೆಗೆ ಗೊತ್ತು. ನಗು ಅರ್ಧಕ್ಕೇ ನಿಂತಿತು. "ಕಂಪ್ಯೂಟರ್‌ಗೆ ಯಾರಾದ್ರೂ ಹೆದರ್ತಾರಾ ಕೆಂಚಕ್ಕ? ಬಾಗಿಲ ಹೊರಗಿನ ಮಣ್ಣು ತಗಂಡು ಹೋಗ್ರಿ, ಎಲ್ಲಾ ಒಂದೇ."

"ಒಂದೇ ಆಗಲ್ಲ ಕಣವ್ವ. ಎಲ್ಲಿ ಎದೆ ಝಲ್ ಅಂತೋ ಅಲ್ಲೀದೇ ಬೇಕು."

ಓಬಮ್ಮ ಕೋಣೆಯ ಬೀಗ ತೆಗೆದಳು. ಮೊದಲು ಹಳೆಯ ಬೆಂಚುಗಳನ್ನೂ ಒಡೆದ ಗ್ಲೋಬನ್ನೂ ಒಟ್ಟುತ್ತಿದ್ದ ಕೋಣೆ ಅದು. ಈಗ ಸುಣ್ಣ ಬಳಿದು, ಕೆಂಪು ಗಾರೆ ಹಾಕಿ, ಕಿಟಕಿಗೆ ಪರದೆ ಇಳಿಬಿಟ್ಟು, ನಡುವೆ ಮೇಜಿನ ಮೇಲೆ ಹಳದಿ ಬಟ್ಟೆ ಹೊದ್ದ ಕಂಪ್ಯೂಟರ್. ಪಕ್ಕದಲ್ಲಿ ಊದುಬತ್ತಿ ಸಿಕ್ಕಿಸುವ ಸ್ಟ್ಯಾಂಡು. ಇಡೀ ಶಾಲೆಯಲ್ಲಿ ಇಷ್ಟು ಚೊಕ್ಕಟವಾದ ಜಾಗ ಇನ್ನೊಂದಿಲ್ಲ. ಧೂಳು ಬಿದ್ದರೆ ಯಂತ್ರ ಸತ್ತೇ ಹೋಗುತ್ತದೆ ಎಂದು ಕಂಪ್ಯೂಟರ್ ಕಲಿಸುವ ಲಕ್ಷ್ಮೀಕಾಂತ್ ಮೊದಲ ದಿನವೇ ಹೇಳಿದ್ದ. ಅದಕ್ಕೇ ಚಪ್ಪಲಿ ಹೊರಗೆ, ಕಿಟಕಿ ಮುಚ್ಚಿ, ಪಾಠ ನಡೆಯುವಾಗ ಬಾಗಿಲೂ ಮುಚ್ಚಿ. ಕೆಂಚಕ್ಕ ಮಂಡಿಯೂರಿ ಅಂಗೈಯಿಂದ ನೆಲ ಸವರಿದಳು. ಮೇಜಿನ ಕೆಳಗೆ, ಮೂಲೆಯಲ್ಲಿ, ಬಾಗಿಲ ಸಂದಿಯಲ್ಲಿ. ಅಂಗೈ ತಿರುಗಿಸಿ ಬೆಳಕಿಗೆ ಹಿಡಿದು ನೋಡಿಕೊಂಡಳು.

"ಇದೇನವ್ವಾ, ಈ ರೂಮ್ನಾಗೆ ಮಣ್ಣೇ ಇಲ್ಲ," ಎಂದಳು, ಬಾವಿಯಲ್ಲಿ ನೀರಿಲ್ಲ ಅಂದ ಹಾಗೆ. ಆಮೇಲೆ ಬಟ್ಟಲು ಎತ್ತಿಕೊಂಡು ಹೋಗಿ ಹುಣಸೆಮರದ ಬುಡದಲ್ಲಿ ಕೂತಳು. ಸಂಜೆ ಮೊಮ್ಮಗಳ ಜೊತೆಗೇ ಹೋಗುತ್ತಾಳಂತೆ, ಅಷ್ಟರಲ್ಲಿ ಏನಾದರೂ ದಾರಿ ಕಂಡೀತಂತೆ.

ಓಬಮ್ಮ ಬೋರ್ಡಿನ ಮೇಲೆ ಭಿನ್ನರಾಶಿ ಬರೆದಳು. ಹಿಂದೆ ತಿರುಗಿದರೆ ಯಶೋದಾ ಕಿಟಕಿಯ ಪಕ್ಕ ಕೂತು ಲಂಗದ ಅಂಚಿನ ದಾರ ಎಳೆಯುತ್ತಿದ್ದಳು. ಇದೇ ಹುಡುಗಿ ಜೂನ್ ತಿಂಗಳಲ್ಲಿ ಕಂಪ್ಯೂಟರಿನ ಪಾಳಿಗಾಗಿ ಸ್ವಾತಿಯ ಜಡೆ ಹಿಡಿದು ಜಗಳವಾಡಿದ್ದಳು. ಇರುವುದು ಒಂದೇ ಕಂಪ್ಯೂಟರ್, ಅದೂ ಕರೆಂಟ್ ಇದ್ದಾಗ. ಹಳ್ಳಿಯ ಕರೆಂಟು ಒಂದು ವಾರ ಬೆಳಿಗ್ಗೆ, ಒಂದು ವಾರ ಮಧ್ಯಾಹ್ನದ ಮೇಲೆ. ಮಧ್ಯಾಹ್ನದ ವಾರ ಬಂತೆಂದರೆ ಮೂರಕ್ಕೆ ಕರೆಂಟು, ಅದರ ಹಿಂದೆಯೇ ಲಕ್ಷ್ಮೀಕಾಂತನ ಬೈಕು. ಒಬ್ಬೊಬ್ಬರೇ ಒಳಗೆ ಹೋಗಬೇಕು, ಉಳಿದವರು ಮನೆಗೆ ಹೋಗಬೇಕು. ಈ ವ್ಯವಸ್ಥೆಯನ್ನು ಮಾಡಿದ್ದು ಓಬಮ್ಮನೇ. ಯಾರ ಪಾಳಿ ಯಾವತ್ತು ಎಂದು ಪ್ರಾರ್ಥನೆಯ ಹೊತ್ತಿಗೆ ಕೂಗಿ ಹೇಳುತ್ತಿದ್ದುದೂ ಅವಳೇ. ಈಗ ಯಶೋದಾ ತನ್ನ ಪಾಳಿಯನ್ನು ಕಂಡಕಂಡವರಿಗೆ ಬಿಟ್ಟುಕೊಡುತ್ತಾಳೆ. ಪೆನ್ಸಿಲ್ ಕೂಡ ಯಾರಿಗೂ ಕೊಡದ ಜಿಪುಣಿ. ಇದು ಕಣ್ಣಿಗೆ ಬಿದ್ದಿತ್ತು, ಬಿದ್ದಿರಲಿಲ್ಲ ಅನ್ನಲು ಆಗುವುದಿಲ್ಲ. ಕಣ್ಣಿಗೆ ಬಿದ್ದದ್ದನ್ನು ಸೋಂಬೇರಿತನ ಎಂದು ಕರೆದು ಮುಗಿಸಿದ್ದಳು.

ಲಕ್ಷ್ಮೀಕಾಂತ್ ಊರಿನವನೇ. ಹೆಡ್‌ಮೇಷ್ಟ್ರು ಶಿವಕುಮಾರಪ್ಪನವರು ಇಲ್ಲಿಗೆ ಹೊಸದಾಗಿ ಬಂದಿದ್ದಾಗ ಅವರ ಕೈಯಲ್ಲಿ ಅ ಆ ತಿದ್ದಿದವನು. ದುರ್ಗದಲ್ಲಿ ಬ್ರೌಸಿಂಗ್ ಸೆಂಟರ್ ಇಟ್ಟು ನಾಲ್ಕು ಕಾಸು ಕಂಡ ಮೇಲೆ, ಓದಿದ ಶಾಲೆಗೆ ಒಂದು ಹಳೆಯ ಕಂಪ್ಯೂಟರ್ ಕೊಟ್ಟ, ಬಿಟ್ಟಿಯಾಗಿ ಕಲಿಸುತ್ತೇನೆ ಎಂದ. ಶಾಲಾ ಸಮಿತಿಯ ಅಧ್ಯಕ್ಷ ಪಾಪಣ್ಣ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮೈಕಿನಲ್ಲಿ ಗಂಟಲು ಹರಿಯುವಷ್ಟು ಹೊಗಳಿದ. ಆಮೇಲೆ ಮೇಷ್ಟ್ರುಗಳೂ ಒಮ್ಮೆ ಮುಟ್ಟಿ ನೋಡಲಿ ಎಂದು ಒಂದು ದಿನ. ಓಬಮ್ಮನ ಸರದಿ ಬಂದಾಗ ಆ ಬಾಣದ ಗುರುತು ಪರದೆಯ ಅರ್ಧಕ್ಕೇ ನಿಂತುಬಿಟ್ಟಿತು, ಮೌಸು ಸರಿಸಲು ಮೇಜು ಮುಗಿದುಹೋಗಿತ್ತು. ಏನು ಮಾಡಬೇಕೆಂದು ತಿಳಿಯದೆ ಅವಳು ಮೌಸನ್ನೇ ಎತ್ತಿ ಪರದೆಗೆ ಒತ್ತಿದಳು. "ಮೇಡಂ, ಅದೇನು ಇಸ್ತ್ರಿಪೆಟ್ಟಿಗೆನಾ?" ಎಂದ ಲಕ್ಷ್ಮೀಕಾಂತ್. ಕಿಟಕಿಯಲ್ಲಿ ಜೋತುಬಿದ್ದಿದ್ದ ಮಕ್ಕಳೆಲ್ಲ ನಕ್ಕರು, ಶಿವಕುಮಾರಪ್ಪನವರೂ ನಕ್ಕರು. ಅವಳೂ ನಕ್ಕಳು, ಎಲ್ಲರಿಗಿಂತ ಜೋರಾಗಿ. ಅವತ್ತಿನಿಂದ ಆ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ಪಾಠ ನಡೆಯುವಾಗ ಒಬ್ಬರು ಮೇಷ್ಟ್ರು ಜೊತೆಗಿರಬೇಕು ಎಂದು ಹೆಡ್‌ಮೇಷ್ಟ್ರು ಹೇಳಿದ್ದರು. ಅವಳು ಬಸ್ಸಿನ ನೆಪ ಹೇಳಿದ್ದಳು. ನಾಚಿಕೆ ಎಂಬುದು ಎಷ್ಟು ಸಣ್ಣ ವಸ್ತು, ಎಷ್ಟು ದೊಡ್ಡ ಬಾಗಿಲನ್ನು ಕಾವಲಿಲ್ಲದೆ ಬಿಟ್ಟುಬಿಡುತ್ತದೆ ಎಂದು ಈಗ ಅನ್ನಿಸಿ, ಬೋರ್ಡಿನ ಮೇಲೆ ಬರೆದ ಲೆಕ್ಕ ತಪ್ಪಾಗಿರುವುದು ಕಂಡಿತು. ಒರೆಸಿ ಮತ್ತೆ ಬರೆದಳು.

ಹೋದ ಸಲದ ಮಧ್ಯಾಹ್ನದ ಪಾಳಿಯಲ್ಲಿ ಯಶೋದಾ ಆ ಕೋಣೆಯ ಹೊರಗೆ ಕಂಬ ಹಿಡಿದು ನಿಂತಿದ್ದಳು. "ಸರ್ ಅಷ್ಟು ದೂರದಿಂದ ಬರ್ತಾರೆ, ನೀನು ಮುಖ ಊದಿಸ್ಕೊಂಡು ನಿಂತಿದೀಯಲ್ಲ," ಎಂದು ಓಬಮ್ಮ ಅವಳ ಮುಂಗೈ ಹಿಡಿದು ಎಳೆದಿದ್ದಳು. ಆ ಮುಂಗೈ ಒಣ ಕಡ್ಡಿಯ ಹಾಗಿತ್ತು. ಕಂಬದಿಂದ ಬೆರಳು ಬಿಡಿಸಬೇಕಾಗಿ ಬಂದಿತ್ತು. ಮುಂಗೈ. ತಾನು ಚಿಕ್ಕವಳಿದ್ದಾಗಿನ ಹೊಳಲ್ಕೆರೆ, ಸಂತೆಬೀದಿಯ ಅಂಗಡಿ, ಬೆಲ್ಲದ ವಾಸನೆ, ತಕ್ಕಡಿಯ ಹಿಂದಿನ ದಪ್ಪ ಕೈ. ಬೆಲ್ಲ ಕೊಟ್ಟ ಮೇಲೂ ಆ ಕೈ ಅವಳ ಮುಂಗೈಯನ್ನು ಬಿಡುತ್ತಿರಲಿಲ್ಲ. ಒಂದು ಹಾಡು ಹೇಳು, ಬಿಡ್ತೀನಿ. ಇನ್ನೊಂದು ಹೇಳು. "ಅವ್ವ, ಅಂಗಡಿಯವನು ಕೈ ಬಿಡಲ್ಲ," ಎಂದು ಬಂದು ಹೇಳಿದಾಗ ಅವ್ವ ಏನೂ ಅನ್ನಲಿಲ್ಲ. ಮರುದಿನದಿಂದ ಅಂಗಡಿಗೆ ಅಣ್ಣ ಹೋದ, ಚಿಲ್ಲರೆಗೆ ಸಿಗುತ್ತಿದ್ದ ಕಡಲೆಮಿಠಾಯಿ ಅಣ್ಣನ ಪಾಲಾಯಿತು. ಅವ್ವ ಕಾಪಾಡಿದಳು, ನಿಜ. ಆದರೆ ಹೇಳಲಿಲ್ಲ. ತಾನೇ ಏನೋ ತಪ್ಪು ಮಾಡಿದ್ದಕ್ಕೆ ಅಂಗಡಿ ತಪ್ಪಿತು ಎಂದು ಆ ಹುಡುಗಿ ಎಷ್ಟು ವರ್ಷ ನಂಬಿದ್ದಳೋ. ನಿನ್ನದೇನೂ ತಪ್ಪಿಲ್ಲ ಎಂಬ ಒಂದು ಮಾತಿಗೆ ಏನು ಖರ್ಚಿತ್ತು? ನೆನಪಾದದ್ದಕ್ಕೆ ಸಿಟ್ಟೂ ಬಂತು, ಅಳುವೂ ಬಂತು. ಮಕ್ಕಳು ಲೆಕ್ಕ ಬರೆದುಕೊಳ್ಳುತ್ತಿದ್ದರು.

"ಮೇಡಂ, ಇವತ್ತು ನನ್ನ ಪಾಳಿ!" ಎಂದು ಬಾಗಿಲಲ್ಲಿ ನಾಲ್ಕನೇ ಕ್ಲಾಸಿನ ಸ್ವಾತಿ ಕುಣಿದಳು. ಎಣ್ಣೆ ಹಾಕಿ ಬಾಚಿದ ತಲೆಗೆ ಹೊಸ ರಿಬ್ಬನ್ ಕಟ್ಟಿಕೊಂಡು ಬಂದಿದ್ದಳು. ಯಶೋದಾ ತಲೆ ಎತ್ತಿ ಸ್ವಾತಿಯನ್ನು ನೋಡಿದಳು, ಆಮೇಲೆ ಓಬಮ್ಮನನ್ನು. ನೋಡಿ, ದಾರ ಎಳೆಯುವುದನ್ನು ನಿಲ್ಲಿಸಿದಳು.

ಬಿಸಿಯೂಟ ಮುಗಿದ ಮೇಲೆ ಯಶೋದಾ ನೀರಿನ ತೊಟ್ಟಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದಳು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಓಬಮ್ಮ ತೊಟ್ಟಿಯ ಕಟ್ಟೆಯ ಮೇಲೆ, ಮಗುವಿನ ಮುಖಕ್ಕಿಂತ ತನ್ನ ಮುಖ ಕೆಳಗೆ ಬರುವ ಹಾಗೆ ಕೂತಳು. ಏನಾಯ್ತು ಎಂದು ಕೇಳಲು ಬಾಯಿ ತೆರೆದಳು, ಆ ಪ್ರಶ್ನೆ ಪೊಲೀಸಿನವನ ಪ್ರಶ್ನೆಯ ಹಾಗೆ ಕೇಳಿಸೀತು ಅನ್ನಿಸಿತು. ಕೆಂಚಕ್ಕನ ದಾರಿಯೇ ನೆನಪಾಯಿತು.

"ನಿಮ್ಮಜ್ಜಿಗೆ ಮಣ್ಣು ಬೇಕಂತೆ. ನಂಗೂ ಸರಿಯಾಗಿ ಜಾಗ ತೋರಿಸು ಮಗ. ಎದೆ ಝಲ್ ಅಂದಿದ್ದು ಎಲ್ಲಿ? ಮೇಜಿನ ತಾವನಾ?"

ಇಲ್ಲ ಎಂದು ತಲೆ ಆಡಿಸಿದಳು.

"ಕಿಟಕಿ ತಾವ?"

"ಬಾಗ್ಲ ತಾವ," ಎಂದಳು ಯಶೋದಾ, ತಟ್ಟೆಗೆ ಹೇಳುವ ಹಾಗೆ. "ನೀವು ಬಾಗ್ಲು ಹಾಕಿದ್ರಲ್ಲ ಮೇಡಂ, ಆವಾಗ."

ಹೌದು, ಬಾಗಿಲು ಹಾಕಿದ್ದು ಅವಳೇ. ಕೈ ಹಿಡಿದು ಒಳಗೆ ಬಿಟ್ಟು, ಧೂಳು ಬರ್ತದೆ ಎಂದು ಎಳೆದು, ಅಗುಳಿ ಕೂತಿತೋ ಇಲ್ಲವೋ ಎಂದು ಇನ್ನೊಮ್ಮೆ ಎಳೆದು ನೋಡಿ, ಬಸ್ಸಿಗೆ ಓಡಿದ್ದಳು. ಬೆಳಿಗ್ಗೆಯಿಂದ ಮರೆತಿದ್ದು ಇದನ್ನೇ ಇರಬೇಕು. ಎದ್ದು ಎಲ್ಲಿಗಾದರೂ ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ.

"ಅದು ನಂದು ತಪ್ಪು," ಎಂದಳು. "ಬಾಗ್ಲು ಹಾಕಿದ್ಮೇಲೆ ಏನಾದ್ರೂ ಆಗಿದ್ರೆ ಅದರಾಗೆ ನಿಂದೇನೂ ತಪ್ಪಿಲ್ಲ. ಒಂದು ಚೂರೂ ಇಲ್ಲ. ಹೇಳಿದ್ರೆ ನಾನು ಬೈಯಲ್ಲ. ಹೇಳಾಕೆ ಆಗಲಿಲ್ಲ ಅಂದ್ರೂ ಬೈಯಲ್ಲ."

ಮಾತು ತುಂಡುತುಂಡಾಗಿ ಬಂತು. ಸರ್ ಹತ್ರ ಫೋಟೋ ತೆಗೆಯೋ ಫೋನೈತೆ. ಕಂಪ್ಯೂಟರ್ ಹಚ್ಚಲ್ಲ, ಫೋಟೋನೇ ತೆಗಿತಾರೆ. ಹಿಂಗೆ ನಿಂತ್ಕೋ, ಹಂಗೆ ನಿಂತ್ಕೋ ಅಂತಾರೆ. ನಾನು ಬ್ಯಾಡ ಅಂದೆ. ಬ್ಯಾಡ ಅಂದ್ರೂ ಬಿಡಲಿಲ್ಲ. ಯಾರಿಗಾದ್ರೂ ಹೇಳಿದ್ರೆ ಇಂಟರ್‌ನೆಟ್‌ಗೆ ಹಾಕ್ತೀನಿ, ದುರ್ಗದಾಗೆಲ್ಲ ನಿನ್ನ ನೋಡಿ ನಗ್ತಾರೆ, ನಿಮ್ಮಪ್ಪ ಕುರಿ ಮಾರಿದ್ರೂ ಅದನ್ನ ಅಳಿಸಾಕೆ ಆಗಲ್ಲ ಅಂದ್ರು. ಇಂಟರ್‌ನೆಟ್ ಅಂದರೆ ಏನೆಂದು ಮಗುವಿಗೆ ಗೊತ್ತಿರಲಿಲ್ಲ, ಓಬಮ್ಮನಿಗೂ ಅಷ್ಟಕ್ಕಷ್ಟೇ. ಎಲ್ಲರೂ ಒಟ್ಟಿಗೆ ನಿಂತು ನಗುವ ಒಂದು ದೊಡ್ಡ ಬಯಲು ಎಂದು ಇಬ್ಬರೂ ಊಹಿಸಿಕೊಂಡರು. ನಗು ಎಂದರೇನೆಂದು ಮಾತ್ರ ಇಬ್ಬರಿಗೂ ಗೊತ್ತಿತ್ತು.

ಮಗುವಿನ ಒದ್ದೆ ಕೈ ಹಿಡಿಯಲು ಹೋಗಿ, ಮುಂಗೈ ನೆನಪಾಗಿ, ಅಂಗೈ ಚಾಚಿ ಸುಮ್ಮನೆ ಕಾದಳು. ಸ್ವಲ್ಪ ಹೊತ್ತಿನ ಮೇಲೆ ಯಶೋದಾ ತಾನೇ ಕೈಯಿಟ್ಟಳು. ಇಬ್ಬರೂ ಹುಣಸೆಮರದ ಕಡೆಗೆ ನಡೆದರು.

ಕೆಂಚಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಕೂಗಾಡುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಓಬಮ್ಮ ಹೆದರಿದ್ದಳು. ಮುದುಕಿ ಬಟ್ಟಲನ್ನು ಮಗುಚಿ ನೆಲಕ್ಕಿಟ್ಟು, ಮೊಮ್ಮಗಳನ್ನು ತೊಡೆಗೆ ಎಳೆದುಕೊಂಡು, "ನಂಗ್ಯಾಕೆ ಹೇಳಲಿಲ್ಲ ಮಗ?" ಎಂದಳು.

"ಎಲ್ಲಿ ಅಂತ ನೀನು ಕೇಳ್ದೆ, ಹೇಳ್ದೆ," ಎಂದಳು ಯಶೋದಾ. "ಯಾರು ಅಂತ ನೀನು ಕೇಳ್ಲೇ ಇಲ್ಲವಲ್ಲ ಅಜ್ಜಿ."

ಶಿವಕುಮಾರಪ್ಪನವರು ಒಳ್ಳೆಯವರು. ಯಾರ ಮನಸ್ಸನ್ನೂ ನೋಯಿಸದೆ ನಿವೃತ್ತಿಯ ಹೊಸ್ತಿಲಿಗೆ ಬಂದವರು, ಇನ್ನುಳಿದ ದಿನಗಳೂ ಹಾಗೆಯೇ ಕಳೆಯಲಿ ಎಂದು ಆಸೆಪಟ್ಟವರು. ಓಬಮ್ಮ ಹೇಳಿ ಮುಗಿಸಿದಾಗ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಬಾಯಿ ಬಿಟ್ಟು ಆಡೋ ಮಾತಾ ಇದು ಓಬಮ್ಮನೋರೆ? ಆ ಹುಡುಗ ನಮ್ಮ ಶಾಲೇಲಿ ಓದಿದೋನು."

"ಯಶೋದಾನೂ ನಮ್ಮ ಶಾಲೇಲೇ ಓದ್ತಾಳೆ ಸಾರ್."

"ಹೆಣ್ಣುಮಗು ಹೆಸರು ಬೀದಿಗೆ ಬರ್ತದೆ. ನಾಳೆ ಹಟ್ಟಿಯೋರು ಹುಡುಗೀರ್ನ ಶಾಲೆ ಬಿಡಿಸಿದ್ರೆ? ಮನೆಮನೆ ತಿರುಗಿ ಕರ್ಕೊಂಡು ಬಂದಿದೀವಿ, ನಿಮಗೇ ಗೊತ್ತೈತೆ." ಅದು ಸುಳ್ಳಲ್ಲ. ಅವರ ಹೆದರಿಕೆಯಲ್ಲೂ ನಿಜವಿತ್ತು. ಆಮೇಲೆ ಅವರು ಮುಖ ಬೇರೆ ಕಡೆ ಮಾಡಿ, "ಅಲ್ಲದೆ ನಿಮಗೂ ಅವನಿಗೂ ಆವತ್ತು... ಆ ಮೌಸಿನ ವಿಷಯ... ನಾಲ್ಕು ಜನ ಅದನ್ನೂ ಅಂತಾರೆ," ಎಂದರು.

ಓಬಮ್ಮನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಹೊಡೆತ ಸರಿಯಾದ ಜಾಗಕ್ಕೇ ಬಿದ್ದಿತ್ತು. ತೊಟ್ಟಿಯ ಹತ್ತಿರ ಮಗುವಿನ ಮಾತು ಕೇಳುವಾಗ, ದುಃಖದ ಅಡಿಯಲ್ಲಿ, ಸಿಕ್ಕಿಬಿದ್ದನಲ್ಲ ಎಂಬ ಒಂದು ಹನಿ ಖುಷಿ ಇರಲಿಲ್ಲವೇ? ಇತ್ತು. ತನ್ನೊಳಗೆ ಇಳಿದು ನೋಡಿಕೊಂಡರೆ ಆ ಹನಿ ಹೊಳೆಯುತ್ತಲೇ ಇತ್ತು. ಅದನ್ನು ಒರೆಸಿ ಪರಿಶುದ್ಧಳಾದ ಮೇಲೆ ಮಾತಾಡುತ್ತೇನೆ ಎಂದರೆ ಮೂರು ಗಂಟೆಯಾಗುತ್ತದೆ, ಸ್ವಾತಿ ಹೊಸ ರಿಬ್ಬನ್ ಕಟ್ಟಿಕೊಂಡು ಒಳಗೆ ಹೋಗುತ್ತಾಳೆ. ಇರಲಿ, ಆ ಹನಿಯೂ ಇರಲಿ. ತನ್ನ ಮನಸ್ಸು ಕೊಳಕಾದರೆ ಮಗುವಿನ ಮಾತು ಸುಳ್ಳಾಗುತ್ತದೆಯೇ?

"ಅನ್ಲಿ ಸಾರ್. ನಂಗೆ ಅವನ ಮೇಲೆ ಸಿಟ್ಟೈತೆ, ಇಲ್ಲ ಅನ್ನಲ್ಲ. ಆದ್ರೆ ಮಗು ಹೇಳಿದ್ದು ನಾನು ಕೇಳಿದೀನಿ. ಇನ್ಮೇಲೆ ಕೇಳಿಲ್ಲ ಅನ್ನಾಕೆ ಆಗಲ್ಲ. ಈಗ ನೀವೂ ಕೇಳಿದೀರಿ."

ಅವರ ಉತ್ತರಕ್ಕೆ ಅವಳು ಕಾಯಲಿಲ್ಲ. ಹೊರಗೆ ಬಂದು ಸ್ವಾತಿಯನ್ನು ಕರೆದು, ಇವತ್ತು ಯಾರೂ ಒಬ್ಬರೇ ಒಳಗೆ ಹೋಗುವ ಹಾಗಿಲ್ಲ ಎಂದಳು. ಹುಡುಗಿ ಅಳುಮುಖ ಮಾಡಿದಳು. ಆಮೇಲೆ ಓಬಮ್ಮ ಕಂಪ್ಯೂಟರ್ ಕೋಣೆಯ ಬಾಗಿಲನ್ನು ನೋಡುತ್ತ ನಿಂತಳು. ಬೀಗ ಹಾಕಬಹುದು, ಆದರೆ ಬೀಗದ ಕೈ ಇನ್ನೊಂದು ಅವನ ಹತ್ತಿರವಿದೆ; ಇವತ್ತಲ್ಲ ನಾಳೆ ಯಾರೋ ತೆಗೆಯುತ್ತಾರೆ, ಯಾರೋ ಮುಚ್ಚುತ್ತಾರೆ. ಹಳೇ ಕಾಲದ ಬಾಗಿಲು, ಕೀಲಿನಿಂದ ಮೇಲಕ್ಕೆತ್ತಿದರೆ ಕಳಚಿ ಬರುತ್ತದೆ. ಬಣ್ಣ ಹಚ್ಚುವವರು ಎತ್ತಿದ್ದನ್ನು ನೋಡಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಿಗೆ ಕೈಹಾಕಿದಳು. ಜಗ್ಗಲಿಲ್ಲ. ಹುಣಸೆಮರದ ಬುಡದಿಂದ ಕೆಂಚಕ್ಕ ಎದ್ದು ಬಂದು, ಏನೂ ಕೇಳದೆ ಕೆಳತುದಿಗೆ ಭುಜ ಕೊಟ್ಟಳು. ಕುರಿ ಹೊತ್ತು ಹಳ್ಳ ದಾಟಿದ ಭುಜ. ಬಾಗಿಲು ಒಂದು ಬೆರಳಿನಷ್ಟು ಎದ್ದು ಮತ್ತೆ ಕೂತಿತು.

"ಸರ್ಕಾರಿ ಬಾಗಿಲು ಕಣ್ರೀ ಅದು!" ಹಿಂದಿನಿಂದ ಶಿವಕುಮಾರಪ್ಪನವರ ಗಾಬರಿಯ ದನಿ. ಓಬಮ್ಮ ತಿರುಗಲಿಲ್ಲ. ತಿರುಗಿದರೆ ಕೈಬಿಡುತ್ತೇನೆ ಅನ್ನಿಸಿತು. ಹೆಜ್ಜೆಯ ಸದ್ದು ಹತ್ತಿರ ಬಂತು, ನಿಂತಿತು. ಆಮೇಲೆ ಬಾಗಿಲಿನ ಇನ್ನೊಂದು ಅಂಚಿನ ಮೇಲೆ, ಉಂಗುರ ಹಾಕಿದ, ಸೀಮೆಸುಣ್ಣದಿಂದ ಬಿರಿದ ಬೆರಳುಗಳು ಕಾಣಿಸಿದವು. "ಈ ಕಡೆ ನಾನು ಹಿಡಿತೀನಿ. ಅಜ್ಜಿ, ನೀನು ಸರಿಯಮ್ಮ, ಕಾಲ ಮೇಲೆ ಬಿದ್ದೀತು." ಅವಳ ಮುಖ ಅವರು ನೋಡಲಿಲ್ಲ. ಬಾಗಿಲು ಕಿರುಗುಟ್ಟುತ್ತ ಕಳಚಿಕೊಂಡಿತು. ಅದನ್ನು ಗೋಡೆಗೆ ಒರಗಿಸುವಷ್ಟರಲ್ಲಿ ಗಾಳಿ ಒಳಗೆ ನುಗ್ಗಿ, ಪರದೆಯನ್ನು ಹಾರಿಸಿ, ಕಂಪ್ಯೂಟರ್ ಮೇಲಿನ ಹಳದಿ ಬಟ್ಟೆಯನ್ನು ಮೂಲೆಗೆ ಎಸೆಯಿತು.

ಹೆಡ್‌ಮೇಷ್ಟ್ರೇ ಪಾಪಣ್ಣನಿಗೆ ಹೇಳಿಕಳಿಸಿದರು. ಅವನು ಬಂದು, ವಿಷಯ ಕೇಳಿ, ಹೆಗಲ ಮೇಲಿನ ಟವಲ್ಲಿನಿಂದ ಮುಖ ಒರೆಸಿಕೊಂಡು, "ಶಾಲು ಹೊದಿಸಿದ್ದು ನಾನೇ ಅಲ್ವೇನ್ರಿ," ಎಂದು ಕುರ್ಚಿಯಲ್ಲಿ ಕುಸಿದ. ಅಷ್ಟೇ. ಇಷ್ಟು ಕಡಿಮೆ ಮಾತಾಡಿದ ಪಾಪಣ್ಣನನ್ನು ಓಬಮ್ಮ ಮೊದಲ ಸಲ ನೋಡಿದಳು.

ಫ್ಯಾನು ತಿರುಗತೊಡಗಿತು, ಕರೆಂಟು ಬಂತು. ಬೈಕೂ ಬಂತು. ಲಕ್ಷ್ಮೀಕಾಂತ್ ಅಭ್ಯಾಸಬಲದಿಂದ ಹೊರಗೇ ಚಪ್ಪಲಿ ಬಿಟ್ಟು, ಹೊಸ್ತಿಲಿಗೆ ಬಂದು ತಬ್ಬಿಬ್ಬಾದ. "ಬಾಗಿಲೆಲ್ಲಿ ಸಾರ್? ಧೂಳು ಬರುತ್ತಲ್ಲ!"

"ಬರ್ಲಿ ಬಿಡಪ್ಪ," ಎಂದಳು ಓಬಮ್ಮ. "ಫೋನು ಮೇಜಿನ ಮೇಲಿಡು."

ಅವನು ಎಲ್ಲರ ಮುಖ ನೋಡಿದ. ಅರ್ಥವಾಯಿತು. ಅರ್ಥವಾದದ್ದು ಅವನ ಕಿವಿಯ ತುದಿಯಲ್ಲಿ ಮೊದಲು ಕಂಡಿತು, ಆಮೇಲೆ ನಗೆಯಾಗಿ ಬಂತು, ಮೊದಲಿನಂಥದೇ ಚಂದದ ನಗೆ. "ಯಾರೇನು ಹೇಳಿದ್ರು ಸಾರ್? ಮಕ್ಕಳ ಮಾತು ಕಟ್ಕೊಂಡು... ಮೇಡಂಗೆ ಮೌಸ್ ಹಿಡಿಯಾಕೇ ಬರಲ್ಲ, ಅವರಿಗೇನು ಗೊತ್ತಾಗುತ್ತೆ ಫೋನ್ ವಿಷಯ?" ನಗಲಿ ಎಂದು ಸ್ವಲ್ಪ ಹೊತ್ತು ಕಾದ. ಯಾರೂ ನಗಲಿಲ್ಲ. ಓಬಮ್ಮನ ಮೈ ಮಾತ್ರ ನಗುವಿಗಾಗಿ ಸಿದ್ಧವಾಗಿ ಮುದುಡಿಕೊಂಡಿತ್ತು, ಅದು ಬಾರದೆ ಹೋದಾಗ ಏನು ಮಾಡಬೇಕೆಂದು ತಿಳಿಯದೆ ನಿಂತಿತು.

"ಅವರಿಗೆ ಮಕ್ಳು ಗೊತ್ತು ಕಣಯ್ಯ," ಎಂದರು ಶಿವಕುಮಾರಪ್ಪನವರು. "ನಿಂಗೆ ಅಕ್ಷರ ಕಲಿಸಿದ ಕೈ ಇದು. ಎತ್ತಿಸಬೇಡ. ಫೋನ್ ಇಡು."

ಅವನು ತಿರುಗಿ ಬೈಕಿನ ಕಡೆಗೆ ನಡೆದ. ಅಷ್ಟರಲ್ಲೇ ಬೈಕಿನ ಬೀಗದ ಕೈಯನ್ನು ಕಿತ್ತುಕೊಂಡಿದ್ದ ಪಾಪಣ್ಣ ಅದನ್ನು ಟವಲ್ಲಿನ ತುದಿಗೆ ಗಂಟು ಹಾಕಿ, "ಎಲ್ಲಿಗಲೇ? ಕುಂತ್ಕ," ಎಂದು ಅವನ ಜೇಬಿಗೆ ಕೈಹಾಕಿ ಫೋನು ತೆಗೆದು ಮೇಜಿನ ಮೇಲಿಟ್ಟ. ಹೆಡ್‌ಮೇಷ್ಟ್ರು ಫೋನು ಮಾಡಿ ಕರೆಸಿದ ಪೊಲೀಸ್ ಜೀಪು ದುರ್ಗದಿಂದ ಬರುವ ತನಕ ಅದನ್ನು ಯಾರೂ ಮುಟ್ಟಲಿಲ್ಲ. ಜೀಪಿನಲ್ಲಿ ಒಬ್ಬ ಹೆಣ್ಣು ಪೊಲೀಸೂ ಇದ್ದಳು. ಅವಳು ಮರದ ಬುಡದಲ್ಲಿ, ಅಜ್ಜಿಯ ಪಕ್ಕದಲ್ಲೇ ಕೂತು ಮಗುವಿನ ಮಾತು ಕೇಳಿದಳು. ಯಶೋದಾ ಓಬಮ್ಮನ ಸೆರಗಿನ ತುದಿ ಹಿಡಿದುಕೊಂಡೇ ಹೇಳಿದಳು, ಈ ಸಲ ತಟ್ಟೆಗೆ ಹೇಳುವ ಹಾಗೆ ಹೇಳಲಿಲ್ಲ. ಅವನನ್ನೂ ಫೋನನ್ನೂ ಕಂಪ್ಯೂಟರನ್ನೂ ಜೀಪಿಗೆ ಹತ್ತಿಸಿದರು. ಇನ್ನೂ ಬೇರೆ ಮಕ್ಕಳ ಮನೆಗಳಿಗೆ ಹೋಗಬೇಕಿತ್ತು, ಕೇಳಬೇಕಿತ್ತು, ಕೇಳಿಸಿಕೊಳ್ಳಬೇಕಿತ್ತು. ನಾಳೆಯಿಂದ ಊರು ಏನೇನು ಆಡುತ್ತದೋ. ಪಾಪಣ್ಣ, ಹಟ್ಟಿಗೆ ನಾನೇ ಬರ್ತೀನಿ, ಹುಡುಗೀರ್ನ ಬಿಡಿಸಬ್ಯಾಡ್ರಿ ಅಂತ ಕಾಲು ಹಿಡಿತೀನಿ ಎಂದ.

ಜೀಪು ಎಬ್ಬಿಸಿದ ಧೂಳು ಕೂತ ಮೇಲೆ ಯಶೋದಾ ಕೇಳಿದಳು: "ಮೇಡಂ, ಅವನು ಆಗ್ಲೇ ಇಂಟರ್‌ನೆಟ್‌ಗೆ ಹಾಕಿಬಿಟ್ಟಿದ್ರೆ?"

ಇಲ್ಲ ಎಂದು ಹೇಳಬಹುದಿತ್ತು. ಆದರೆ ಗೊತ್ತಿಲ್ಲದ್ದನ್ನು ಹೇಗೆ ಹೇಳುವುದು? "ಪೊಲೀಸ್ನೋರು ನೋಡ್ತೀವಿ ಅಂದವ್ರೆ. ನಾನೂ ಬಿಡಲ್ಲ, ಕೇಳ್ತಾನೇ ಇರ್ತೀನಿ. ಹಾಕಿದ್ರೂ ನಾಚಿಕೆ ಆಗಬೇಕಾಗಿರೋದು ಅವನಿಗೆ ಮಗ. ನಿಂಗಲ್ಲ."

ಮಗು ಅದನ್ನು ತೂಗಿ ನೋಡಿತು. "ಕಂಪ್ಯೂಟ್ರು ವಾಪಸ್ ಬರ್ತೈತಾ?"

"ಅದು ಬರದಿದ್ರೆ ಇನ್ನೊಂದು ಬರ್ತೈತೆ. ಜಗಲಿ ಮೇಲೆ ಇಡಾಣ, ಎಲ್ರೂ ಓಡಾಡೋ ತಾವ. ಧೂಳು ಬಿದ್ರೆ ಒರೆಸಾಣ. ನಂಗೆ ಮೌಸ್ ಹಿಡಿಯೋದು ನೀನೇ ಕಲಿಸ್ಬೇಕು."

"ಎತ್ತಬಾರ್ದು ಮೇಡಂ," ಎಂದಳು ಯಶೋದಾ ಗಂಭೀರವಾಗಿ. ಆಮೇಲೆ ತುಟಿ ಕಚ್ಚಿ ಹಿಡಿದರೂ ನಗು ಹೊರಗೆ ಬಂದೇಬಿಟ್ಟಿತು. ಓಬಮ್ಮನಿಗೂ ಬಂತು. ಆ ವಿಷಯಕ್ಕೆ ಇಷ್ಟು ಹಗುರಾಗಿ ನಗಬಹುದು ಎಂದು ಅವಳಿಗೆ ಗೊತ್ತಿರಲಿಲ್ಲ.

"ಬಾರವ್ವ ಇಲ್ಲಿ," ಎಂದು ಕೆಂಚಕ್ಕ ಕೋಣೆಯೊಳಗಿಂದ ಕೂಗಿದಳು. ಗಾಳಿ ತನ್ನ ಕೆಲಸ ಮಾಡಿತ್ತು. ಬಾಗಿಲಿಲ್ಲದ ಕೋಣೆಯ ಗಾರೆಯ ಮೇಲೆಲ್ಲ ಹೊಲದ ಕೆಂಪು ಮಣ್ಣು ತೆಳ್ಳಗೆ ಹರಡಿಕೊಂಡಿತ್ತು, ಅದರ ಮೇಲೆ ಪೊಲೀಸರ ಬೂಟು, ಪಾಪಣ್ಣನ ಕೆರ, ಮಕ್ಕಳ ಬರಿಗಾಲು. ಮುದುಕಿ ಹೊಸ್ತಿಲ ಒಳಗೆ, ಬಾಗಿಲು ಬಂದು ಮುಚ್ಚಿಕೊಳ್ಳುತ್ತಿದ್ದ ಜಾಗದಲ್ಲೇ ಕೂತು, ಅಂಗೈಯಿಂದ ಗುಡಿಸಿ ಗುಡಿಸಿ ಬಟ್ಟಲಿಗೆ ತುಂಬುತ್ತಿದ್ದಳು. ಯಶೋದಾ ಹೊಸ್ತಿಲಲ್ಲಿ ಒಂದು ಕ್ಷಣ ನಿಂತಳು. ಗೋಡೆಗೆ ಒರಗಿದ ಬಾಗಿಲನ್ನು ನೋಡಿದಳು, ಒಳಗೆ ಬಂದಳು. ಕೆಂಚಕ್ಕ ಹಿಡಿ ಮಣ್ಣನ್ನು ಅವಳ ತಲೆಯ ಸುತ್ತ ಇಳಿಸಿ, ಬಾಯಲ್ಲಿ ಏನೋ ಮಣಮಣಿಸಿ, ಹಣೆಗೊಂದು ಬೊಟ್ಟು ಇಟ್ಟಳು.

"ನೀನೂ ಕುಂತ್ಕಳವ್ವ," ಎಂದಳು ಆಮೇಲೆ.

"ನಾನಾ? ನಂಗ್ಯಾಕೆ ಕೆಂಚಕ್ಕ, ಬಸ್ಸಿಗೆ ಹೊತ್ತಾಯ್ತು."

"ಬೆಳಿಗ್ಗೆಯಿಂದ ನೋಡ್ತಾ ಅವ್ನಿ, ನಿನ್ನ ಮುಖಾನೂ ಹಂಗೇ ಐತೆ. ನೀನೆಲ್ಲಿ ಹೆದರಿದ್ದು?"

ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಉತ್ತರ ನಾಲಿಗೆಯ ತುದಿಯಲ್ಲೇ ಇದ್ದುದನ್ನು ಕಂಡು ಓಬಮ್ಮನಿಗೇ ಆಶ್ಚರ್ಯವಾಯಿತು. "ಹೊಳಲ್ಕೆರೆಯಾಗೆ," ಎಂದಳು. "ಬೆಲ್ಲದ ಅಂಗಡಿ ತಾವ. ಆವಾಗ ನಾನು ಇವಳಷ್ಟಿದ್ದೆ."

ಕೆಂಚಕ್ಕ ಬಟ್ಟಲನ್ನು ನೋಡಿದಳು, ಓಬಮ್ಮನನ್ನು ನೋಡಿದಳು.

"ಅಷ್ಟು ದೂರದ ಮಣ್ಣು ಎಲ್ಲಿಂದ ತರ್ಲಿ," ಎಂದಳು. "ಇದೇ ಆಗ್ತೈತೆ, ಬಾ."

ಓಬಮ್ಮ ಬ್ಯಾಗನ್ನು ಮೇಜಿನ ಮೇಲಿಟ್ಟು, ಯಶೋದಾಳ ಪಕ್ಕದಲ್ಲಿ ನೆಲದ ಮೇಲೆ ಕೂತಳು.